ಬಾವಿ ನೀರಿನ ಸೊಪ್ಪು

ನನ್ನ ಗಂಡ ನನಗೆ ಸುಳ್ಳು ಹೇಳಿದ್ದು ಇನ್ನೊಬ್ಬ ಹೆಂಗಸಿನ ವಿಷಯಕ್ಕಲ್ಲ, ಕುಡಿತದ ವಿಷಯಕ್ಕೂ ಅಲ್ಲ. ದಂಟಿನ ಸೊಪ್ಪಿನ ವಿಷಯಕ್ಕೆ. ಹೇಳಿದರೆ ನನ್ನ ಸ್ನೇಹಿತೆಯರು ನಗುತ್ತಾರೆ. "ಅಷ್ಟೇನಾ? ಪುಣ್ಯವಂತೆ ಕಣೇ ನೀನು" ಅಂತಾರೆ. ನಗಲಿ ಬಿಡಿ, ಹೊಟ್ಟೆ ಉರಿದದ್ದು ನನಗೆ, ಅವರಿಗಲ್ಲವಲ್ಲ.

ಗಾಂಧಿ ಬಜಾರಿನಿಂದ ಎರಡು ರಸ್ತೆ ಒಳಗೆ ನನ್ನ ಸೋದರಮಾವನ ಹಳೇ ಮನೆ ಇತ್ತು. ಅಪಾರ್ಟ್‌ಮೆಂಟ್ ಕಟ್ಟಿಸ್ತೀನಿ ಅಂತ ಮಾವ ಅದನ್ನು ಕೆಡವಿಸಿದರು. ಕೆಡವಿದ ಮೇಲೆ ಪ್ಲಾನ್ ಪಾಸಾಗಲಿಲ್ಲ. ಉಳಿದದ್ದು ಹಿಂದಿನ ಮೂಲೆಯಲ್ಲಿ ಒಂದು ಬಾವಿ, ಅದರ ಪಕ್ಕ ಬಾಳೆ ಗುಂಪು, ಮಿಕ್ಕಿದ್ದೆಲ್ಲಾ ಕೆಂಪು ಮಣ್ಣು. ನಾವು ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಖಾಲಿ ಜಾಗ ಕಂಡರೆ ಬೆಂಗಳೂರಿನವರಿಗೆ ಕೈ ತುರಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಕಸದ ಕವರುಗಳು ಬಂದು ಬೀಳೋಕೆ ಶುರುವಾದವು. ವೈಯಾಲಿಕಾವಲ್‌ನಿಂದ ಬಂದು ನೋಡಿದ ಮಾವ, "ಮಳೆಗಾಲದವರೆಗೂ ನೀವೇ ಏನಾದ್ರೂ ಬೆಳ್ಕೊಳ್ರಪ್ಪ, ಕಸ ಹಾಕೋರಾದ್ರೂ ನಿಲ್ತಾರೆ" ಅಂದರು.

ಅಷ್ಟು ಸಾಕಾಯಿತು ನಮ್ಮ ಯಜಮಾನರಿಗೆ. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಊರು ಮಾಗಡಿ ಕಡೆ. "ನಮ್ಮಪ್ಪ ರೈತ ಕಣೇ. ಮಣ್ಣು ಮುಟ್ಟಿದ್ರೆ ಸಾಕು, ನನಗೆ ಗೊತ್ತಾಗತ್ತೆ" ಅಂದರು. ಅಪ್ಪ ರೈತ ಹೌದು. ಮಗ ನಾಲ್ಕನೇ ಕ್ಲಾಸಿಗೆ ಹಾಸ್ಟೆಲ್ ಸೇರಿದವರು, ಆಮೇಲೆ ಮಣ್ಣು ಮುಟ್ಟಿದ್ದು ಗಣಪತಿ ಹಬ್ಬಕ್ಕೆ ಮಾತ್ರ. ನಾನೂ ಏನು ಕಮ್ಮಿ ಕುಣಿಯಲಿಲ್ಲ ಅನ್ನಿ. ಆಗ ನಮ್ಮ ಎರಡನೇದು, ಗಂಡುಮಗು, ಇನ್ನೂ ಕೂಸು. ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೆ. ಕಾರಣವಿಲ್ಲದೆ ಅಳು ಬರೋದು. ಹಾಲು ಉಕ್ಕಿದರೂ ಅಳು, ಉಕ್ಕದಿದ್ದರೂ ಅಳು. ಇಂಥದ್ದರಲ್ಲಿ ಒಂದು ತೋಟ ಅಂದರೆ ಯಾರಿಗೆ ಬೇಡ?

ಸಂಕ್ರಾಂತಿ ಮುಗಿಸಿ ನೆಲ ಅಗೆದೆವು. ಇಟ್ಟಿಗೆ ಚೂರು, ಗಾಜು, ಹಳೇ ಹೆಂಚು, ಏನೇನೋ ಸಿಕ್ಕಿತು. ಎರಡನೇ ಕ್ಲಾಸಿನ ಮಗಳು ಗಾಜಿನ ಚೂರು ಆಯ್ದು ಬಕೆಟ್ಟಿಗೆ ಹಾಕಿದಳು. ದಂಟು, ಹರಿವೆ, ಮೆಂತ್ಯ, ಬೆಂಡೆ, ಗೋರಿಕಾಯಿ, ಬಾವಿ ಕಟ್ಟೆಯ ಪಕ್ಕ ಹಾಗಲ ಬಳ್ಳಿಗೆ ಚಪ್ಪರ. ಯುಗಾದಿ ಹೊತ್ತಿಗೆ ಮೊದಲ ಸೊಪ್ಪು ಬಂತು. ದೇವರ ಮುಂದೆ ಇಟ್ಟು ಕೈ ಮುಗಿದು ಬಸ್ಸಾರು ಮಾಡಿದೆ. ಅಂಥ ಬಸ್ಸಾರು ನಾನು ಮತ್ತೆ ಮಾಡಿಲ್ಲ, ನಿಜವಾಗ್ಲೂ.

ರಸ್ತೆಯವರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದೆ. ಹಾಕಿದ್ದೇ ತಡ, ನನಗೆ ಎರಡು ಕಟ್ಟು, ನಮಗೆ ಬೆಂಡೆ ಇಡಿ, ಅಂತ ಶುರುವಾಯಿತು. ಪರೀಕ್ಷೆ ಮುಗಿದು ಯಜಮಾನರಿಗೆ ಸ್ಕೂಲಿನ ರಜೆ ಬಂದ ಮೇಲೆ ಕೆಲಸ ಹಂಚಿಕೊಂಡೆವು. ಬೆಳಿಗ್ಗೆ ಕೊಯ್ಯೋದು, ಬಾಳೆನಾರಿನಲ್ಲಿ ಕಟ್ಟು ಕಟ್ಟೋದು, ಬುಟ್ಟಿ ತುಂಬಿ ಗೇಟಿನ ಹತ್ತಿರ ಇಡೋದು ಅವರದು. ಗೇಟಿನಲ್ಲಿ ನಿಂತು ಮಾರೋದು ನನ್ನದು, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು. ತೋಟದೊಳಗೆ ನಾನು ಇಳಿಯುತ್ತಿದ್ದದ್ದು ಅಪರೂಪ. ಬಿಸಿಲು, ಸೊಳ್ಳೆ, ಮಗು. ಮಹಡಿಯಿಂದ ನೋಡಿದರೆ ಬಾಳೆ, ಹಾಗಲ ಚಪ್ಪರ ಹಸಿರಾಗಿ ಕಾಣುತ್ತಿತ್ತು, ನನಗೆ ಅಷ್ಟು ಸಾಕಿತ್ತು.

ಎದುರು ಮನೆ ಅಜ್ಜಿಯ ವಿಷಯ ಹೇಳಲೇಬೇಕು. ನಾನು ಹುಟ್ಟಿದ್ದು ಅದೇ ರಸ್ತೆಯಲ್ಲಿ, ಹಸುಗೂಸಾಗಿದ್ದಾಗ ನನಗೆ ಎಣ್ಣೆ ನೀರು ಹಾಕಿದವರು ಅವರು. ಮಗ, ಸೊಸೆ, ಮೊಮ್ಮಕ್ಕಳು ಅಂತ ತುಂಬಿದ ಮನೆ. ಬಾಯಿ ಜೋರು. ಯಾವತ್ತೋ ಮೈಸೂರು ರಸ್ತೆ ಕಡೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದಾಗ ಮೋರಿ ನೀರಿನಲ್ಲಿ ಸೊಪ್ಪು ಬೆಳೆದು, ಅದೇ ನೀರಿನಲ್ಲಿ ಅದ್ದಿ ಅದ್ದಿ ತೆಗೆಯೋದನ್ನು ಕಣ್ಣಾರೆ ನೋಡಿದ್ದರು. ಅವತ್ತಿನಿಂದ ಅವರ ಮನೆಗೆ ಸೊಪ್ಪು ಬಂದಿರಲಿಲ್ಲ. ಸೊಪ್ಪಂದ್ರೆ ಪ್ರಾಣ ಬಿಡೋ ಹೆಂಗಸು! ಮಗ ಸೊಸೆ ಎಷ್ಟು ಹೇಳಿದರೂ, "ಕಣ್ಣಲ್ಲಿ ನೋಡಿದ್ದನ್ನ ಬಾಯಲ್ಲಿ ಹೇಗೆ ಇಟ್ಕೊಳ್ಳಲಿ?" ಅಂತ ಕೂತುಬಿಟ್ಟಿದ್ದರು.

ಅವರು ಗೇಟಿನ ಹತ್ತಿರ ಬಂದು ಬುಟ್ಟಿ ನೋಡಲಿಲ್ಲ, ನನ್ನ ಮುಖ ನೋಡಿದರು. "ಯಾವ ನೀರೇ?"

"ಬಾವಿ ನೀರು ಅಜ್ಜಿ. ಬನ್ನಿ ತೋರಿಸ್ತೀನಿ."

ಬಂದರು. ತಾವೇ ಹಗ್ಗ ಎಳೆದು ನೀರು ಸೇದಿ, ಬೊಗಸೆಯಲ್ಲಿ ತಗೊಂಡು ಮೂಸಿ, ಕಣ್ಣಿಗೊತ್ತಿಕೊಂಡು, ಕುಡಿದೇ ಬಿಟ್ಟರು. ಆಮೇಲೆ ಕವರ್ ಬೇಡ ಅಂತ ಸೆರಗು ಒಡ್ಡಿದರು. ದಂಟಿನ ಸೊಪ್ಪನ್ನು ನಾನು ಅವರ ಮಡಿಲಿಗೆ ಹಾಕಿದೆ. ಅವತ್ತು ಮಧ್ಯಾಹ್ನ ಒಂದು ಬಟ್ಟಲು ಸೊಪ್ಪಿನ ಹುಳಿ ನಮ್ಮ ಮನೆಗೆ ಬಂತು, ಮೇಲೆ ಇಂಗಿನ ಒಗ್ಗರಣೆ. ಆಮೇಲೆ ದಿನಾ ಬಂದರು, ದಿನಾ ಸೆರಗು ಒಡ್ಡಿದರು. ರಸ್ತೆಯಲ್ಲಿ ನಾನು ಯಾರಿಗೆ ಏನು ಮಾರಿದೆನೋ ಬಿಡಿ, ಅಜ್ಜಿಗೆ ಕೊಟ್ಟಿದ್ದು ಮಾತು. ಆ ಬೇಸಿಗೆಯಲ್ಲಿ ನಾನು ನೆಟ್ಟಗೆ ನಿಂತದ್ದೇ ಆ ಮಾತಿನ ಮೇಲೆ.

ವೈಶಾಖದಲ್ಲಿ ಅಜ್ಜಿಯ ಯಜಮಾನರ ತಿಥಿ ಬಂತು. "ಗೋರಿಕಾಯಿ, ಹಾಗಲಕಾಯಿ ನಿಮ್ಮ ಬಾವೀದೇ ಬೇಕು ಕಣೇ. ಅವರು ಇದ್ದಾಗ ಮಾರ್ಕೆಟ್ಟಿಂದು ತಿಂದೇ ಹೋದ್ರು, ಈ ಸಲವಾದ್ರೂ ಒಳ್ಳೇದು ಬಡಿಸ್ತೀನಿ" ಅಂದರು. ತಿಥಿ ಅಡುಗೆ ಅಂದರೆ ಅವರ ಮನೆಯಲ್ಲಿ ಎಷ್ಟು ಮಡಿ ಅನ್ನೋದು ಇಡೀ ರಸ್ತೆಗೆ ಗೊತ್ತು. ನಾನು ಉಬ್ಬಿಹೋದೆ. ಯಜಮಾನರಿಗೆ ಹೇಳಿದೆ, ಅವರು ಬಾವಿ ಕಡೆ ನೋಡಿ, "ಆಯ್ತು, ನೋಡೋಣ" ಅಂದರು. ತಿಥಿ ದಿನ ಬೆಳಿಗ್ಗೆ ಎಳೆ ಗೋರಿಕಾಯಿ, ಹಸಿರು ಹಾಗಲಕಾಯಿ ಬುಟ್ಟಿ ತುಂಬಿತ್ತು. ಕೂಸಿಗೆ ಸ್ವಲ್ಪ ಮೈ ಬೆಚ್ಚಗಿತ್ತು ಅಂತ ನಾನು ಹೋಗಲಿಲ್ಲ, ಮಗಳ ಕೈಯಲ್ಲಿ ಕಳಿಸಿದೆ.

ಆಗಲೇ ಬಿಸಿಲು ಏರಿ ಬಾವಿಯ ನೀರು ಕೆಳಗಿಳಿದಿತ್ತು. ನನಗೆ ಗೊತ್ತಿತ್ತು. ಆದರೆ ಬುಟ್ಟಿ ಮಾತ್ರ ಯಾವತ್ತೂ ಕಮ್ಮಿಯಾಗಲಿಲ್ಲ! "ಗೊಬ್ಬರದ ಮಹಿಮೆ" ಅನ್ನುತ್ತಿದ್ದರು ಯಜಮಾನರು. ದಿನಾ ಬೆಳಕು ಹರಿಯುತ್ತಲೇ ಸ್ಕೂಟರಿನ ಮುಂದೆ ಮಗಳನ್ನು ನಿಲ್ಲಿಸಿಕೊಂಡು ಚಾಮರಾಜಪೇಟೆಗೆ ಹೊರಡುತ್ತಿದ್ದರು, ಯಾರೋ ಹಸು ಕಟ್ಟಿದ್ದಾರೆ, ಸಗಣಿ ಗೊಬ್ಬರ ಕೊಡ್ತಾರೆ ಅಂತ. ವಾಪಸ್ ಬರುವಾಗ ಕಾಲ ಹತ್ತಿರ ಚೀಲ. ಗೊಬ್ಬರದ ಚೀಲ ಬಿಚ್ಚಿ ನೋಡೋ ಹೆಂಡತಿ ಯಾರಿದ್ದಾರೆ ಹೇಳಿ?

ತಿಥಿಯಾಗಿ ಸ್ವಲ್ಪ ದಿನಕ್ಕೆ ಅಜ್ಜಿ ಮೈಸೂರಿಗೆ, ಮಗಳ ಮನೆಗೆ ಹೊರಟರು. ಬೆಳಿಗ್ಗೆ ತಗೊಂಡಿದ್ದ ದಂಟಿನ ಸೊಪ್ಪನ್ನು ಹಿಡಿದುಕೊಂಡು ಮಹಡಿ ಹತ್ತಿ ಬಂದರು. "ನನ್ನ ಸೊಸೆ ಇದನ್ನ ಫ್ರಿಜ್ಜಲ್ಲಿಟ್ಟು ಕೊಳೆಸ್ತಾಳೆ. ಬಾಡೋಕೆ ಮುಂಚೆ ನೀನೇ ಬೇಯಿಸ್ಕೋ" ಅಂತ ಕೊಟ್ಟು, ಕೂಸಿನ ಕೆನ್ನೆ ಹಿಂಡಿ ಹೋದರು.

ಸೊಪ್ಪನ್ನು ಬೇಸಿನ್ನಿಗೆ ಹಾಕಿ ನೀರು ಬಿಟ್ಟೆ. ಬೇಸಿಗೆ ಪೂರ್ತಿ ನಾನು ನಮ್ಮ ಸೊಪ್ಪು ತೊಳೆದಿದ್ದೇನೆ. ನಮ್ಮ ಜಾಗದ ಮಣ್ಣು ಕೆಂಪು, ಮೊದಲ ನೀರು ಯಾವಾಗಲೂ ಕೆಮ್ಮಣ್ಣು ಕಲಸಿದ ಹಾಗೆ ಆಗುತ್ತದೆ. ಈ ನೀರು ಕಪ್ಪಾಯಿತು. ತಳದಲ್ಲಿ ಕಪ್ಪು ಹೂಳು ಕೂತಿತು. ಬಗ್ಗಿ ಮೂಸಿದೆ. ಬೆಂಗಳೂರಿನಲ್ಲಿ ಹುಟ್ಟಿದವಳಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಡುಗೆಗೆ ಅಂತ ಬೆಳಿಗ್ಗೆ ಯಜಮಾನರು ಬೇರೆ ಎತ್ತಿಟ್ಟಿದ್ದ ನಮ್ಮ ಮನೆಯ ಕಟ್ಟು ಅಲ್ಲೇ ಇತ್ತು. ಅದನ್ನೂ ಬಿಚ್ಚಿ ಇನ್ನೊಂದು ಪಾತ್ರೆಗೆ ಹಾಕಿ ತೊಳೆದೆ. ಕೆಂಪು ನೀರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಬಾಳೆನಾರು, ಒಂದೇ ಗಂಟು. ನೀರು ಮಾತ್ರ ಬೇರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

"ರೀ, ಬನ್ನಿ ಇಲ್ಲಿ" ಅಂದೆ. ಬಂದರು. ಪಾತ್ರೆ ನೋಡಿದರು. ಕತ್ತು ಕೆರೆದುಕೊಂಡರು.

"ಏನಿದು?" ಅಂತ ಕೇಳಿದೆ.

"ಸೊಪ್ಪು."

"ಅದು ನನಗೂ ಕಾಣತ್ತೆ. ಅಜ್ಜಿಗೆ ಕೊಟ್ಟ ಸೊಪ್ಪು ಇದು. ಎಲ್ಲಿಂದು ಹೇಳಿ."

ಅಕ್ಕಿ ಡಬ್ಬದ ಮೇಲೆ ಕೂತರು. ಆಮೇಲೆ ಹೇಳಿದರು. ರಾಮನವಮಿ ಕಳೆದ ಮೇಲೆ ಶುರುವಾದದ್ದಂತೆ. ಬಾವಿಯಲ್ಲಿ ಒಂದು ಪಾತಿಗೆ ಸಾಲುವಷ್ಟು ನೀರು ಮಾತ್ರ. ಮಿಕ್ಕ ಪಾತಿಗಳ ಸೊಪ್ಪು ಬಿಸಿಲಿಗೆ ಸೀದು ಹೋಯಿತು, ಬೆಂಡೆಗೆ ಹಳದಿ ರೋಗ. "ನೀನು ಗ್ರೂಪಲ್ಲಿ ಎಲ್ರಿಗೂ ಒಪ್ಕೊಂಡ್ಬಿಟ್ಟಿದ್ದೆ. ಬುಟ್ಟಿ ತುಂಬ್ತಿರ್ಲಿಲ್ಲ. ಒಂದು ದಿನಕ್ಕೆ ಅಂತ ಮಾರ್ಕೆಟ್ಟಿಂದ ತಂದೆ. ಯಾರಿಗೂ ಗೊತ್ತಾಗ್ಲಿಲ್ಲ."

"ಗೊಬ್ಬರ?"

"ಅದೂ ತರ್ತಿದ್ದೆ. ಒಂದೊಂದು ದಿನ."

ಅಂದರೆ ತೋಟದ ಮೂಲೆಯಲ್ಲಿ ಕೂತು, ಮಾರ್ಕೆಟ್ಟಿನ ದಾರ ಕಿತ್ತು, ಬೇರು ಕತ್ತರಿಸಿ, ನಮ್ಮ ಬಾಳೆನಾರಿನಲ್ಲಿ ಮತ್ತೆ ಕಟ್ಟಿ, ಮೇಲೆ ನೀರು ಚಿಮುಕಿಸಿ ಗೇಟಿಗೆ ತಂದು ಇಟ್ಟಿದ್ದಾರೆ. ದಿನಾ. ನಾನು ಅದನ್ನು ಎತ್ತಿ ಎತ್ತಿ, "ಬಾವಿ ನೀರು, ಬಾವಿ ನೀರು" ಅಂತ ಕೋಲೆ ಬಸವನ ಹಾಗೆ ತಲೆಯಾಡಿಸಿ ಕೊಟ್ಟಿದ್ದೇನೆ.

"ನನಗೊಂದು ಮಾತು ಹೇಳೋಕೆ ಏನಾಗಿತ್ತು?"

"ಪಾಪು ಹುಟ್ಟಿದ ಮೇಲೆ ನೀನು ನಕ್ಕಿದ್ದೇ ಆ ಗೇಟ್ ಹತ್ರ. ಅದನ್ನ ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

ಇದನ್ನು ಕೇಳಿ ಮನಸ್ಸು ಕರಗಬೇಕಿತ್ತು, ಅಲ್ವಾ? ಕರಗಲಿಲ್ಲ. ಮೈ ಉರಿದುಹೋಯಿತು. ಆ ನಗುವಾದರೂ ನನ್ನದು ಅಂದುಕೊಂಡಿದ್ದೆ. ಅದನ್ನೂ ಅವರೇ ಚೀಲದಲ್ಲಿ ತುಂಬಿಕೊಂಡು ಬಂದು ಕೊಟ್ಟಿದ್ದು ಅಂತಾಯಿತು.

ಆಗ ಆ ಕೆಂಪು ನೀರಿನ ಪಾತ್ರೆ ಕಣ್ಣಿಗೆ ಬಿತ್ತು. "ನಮ್ಮನೆಗೆ ಮಾತ್ರ ನಮ್ಮದೇ ಸೊಪ್ಪು ಎತ್ತಿಡ್ತಿದ್ರಿ, ಅಲ್ವಾ?"

"ನೀನು ಪಾಪುಗೆ ಹಾಲು ಕುಡಿಸ್ತೀಯಲ್ಲ..." ಅಂದರು. ಆ ಮನುಷ್ಯನಿಗೆ ಅದು ಒಳ್ಳೇತನ ಅಂತಲೇ ಅನಿಸಿತ್ತು! ಮುಖದಲ್ಲಿ ಕಾಣುತ್ತಿತ್ತು.

ಮದುವೆಯಾದಾಗಿನಿಂದ ನಾನು ಅವರನ್ನು ಏಕವಚನದಲ್ಲಿ ಮಾತಾಡಿಸಿದವಳಲ್ಲ. ಅವತ್ತು ಬಂತು. "ನಿನ್ನ ಮಗುವಿಗೆ ಬಾವಿ ನೀರು, ಊರವರ ಮಕ್ಕಳಿಗೆ ಮೋರಿ ನೀರಾ? ನಿನಗೆ ಗೊತ್ತಿತ್ತು. ಕೆಟ್ಟದ್ದು ಅಂತ ಗೊತ್ತಿದ್ದೇ ಬೇರೆ ಇಟ್ಟೆ. ನಾಚಿಕೆ ಆಗಲ್ವಾ ನಿನಗೆ?" ಕೂಗಿದ ರಭಸಕ್ಕೆ ಕೂಸು ಎದ್ದು ಅತ್ತಿತು. ಅವರು ಎತ್ತಿಕೊಳ್ಳೋಕೆ ಹೋದರು, ನಾನು ಬಿಡಲಿಲ್ಲ.

"ತಿಥಿಗೆ ಕೊಟ್ಟಿದ್ದು?" ಅಂತ ಕೇಳಿದೆ. ಬೇಡ ಅನ್ನಿಸಿದರೂ ಕೇಳಿದೆ.

"ಗೋರಿಕಾಯಿ ಅರ್ಧ ನಮ್ದೇ."

ಅರ್ಧ! ಗಣಿತದ ಮೇಷ್ಟ್ರು ನೋಡಿ.

ಅವತ್ತೇ ಗೇಟಿಗೆ ಬೀಗ ಹಾಕಿದೆ. ಗ್ರೂಪಿನಲ್ಲಿ ಬರೆಯುತ್ತೇನೆ ಅಂದಾಗ ಅವರು ಕೈ ಮುಗಿದರು. "ಬೇಡ ಕಣೇ, ನನ್ನ ಸ್ಟೂಡೆಂಟ್ಸ್ ಇದ್ದಾರೆ ಈ ರಸ್ತೇಲಿ. ಬಾವಿ ಬತ್ತಿತು ಅಂತ ಹೇಳಿ ನಿಲ್ಲಿಸಿಬಿಡೋಣ. ಊರಿಗೆಲ್ಲ ಡಂಗುರ ಯಾಕೆ?" ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಡಂಗುರದ ಚಿಂತೆ. ನಾನು ಬರೆದೆ. ಯಾರು ತಂದರು ಅಂತ ಬರೆಯಲಿಲ್ಲ, ನಾವು ಅಂತಲೇ ಬರೆದೆ. ಮಾರ್ಕೆಟ್ಟಿನದನ್ನು ನಮ್ಮದು ಅಂತ ಕೊಟ್ಟಿದ್ದೇವೆ, ತಪ್ಪಾಯಿತು, ಕ್ಷಮಿಸಿ ಅಂತ.

ರಸ್ತೆಯವರು ಉಗಿಯುತ್ತಾರೆ ಅಂದುಕೊಂಡಿದ್ದೆ. ಉಗಿದಿದ್ದರೆ ಸಮಾಧಾನ ಆಗುತ್ತಿತ್ತೇನೋ. ಒಬ್ಬರು, "ಅಯ್ಯೋ ಬಿಡಿ, ವರ್ಷವೆಲ್ಲಾ ಅದನ್ನೇ ತಿಂತೀವಿ" ಅಂದರು. ಮೂಲೆ ಮನೆಯಾಕೆ ಎದುರಿಗೆ ಸಿಕ್ಕಾಗ, "ಅದಕ್ಕೇ ಅಷ್ಟು ಚೆನ್ನಾಗಿತ್ತು ಬಿಡಿ. ಮೊದಮೊದಲು ನೀವು ಕೊಡ್ತಿದ್ದ ಸೊಪ್ಪಿನ ತುಂಬಾ ಹುಳದ ತೂತು" ಅಂದರು. ಅವರು ತಮಾಷೆಗೆ ಹೇಳಿದ್ದು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆ ತೂತು ಬಿದ್ದ ಸೊಪ್ಪು ನಮ್ಮದಾಗಿತ್ತು.

ಅಜ್ಜಿಗೆ ವಾಟ್ಸಾಪ್ ಇಲ್ಲ. ಮೈಸೂರಿನಿಂದ ಬಂದ ಮಾರನೇ ದಿನ ಹೋದೆ. ಜಗುಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. ನಿಂತೇ ಹೇಳಿದೆ, ಒಂದೇ ಉಸಿರಿಗೆ. ಹೂ ಕಟ್ಟೋದು ನಿಲ್ಲಿಸಲಿಲ್ಲ ಅವರು. ಪೂರ್ತಿ ಹೇಳಿ ಮುಗಿಸಿದ ಮೇಲೆ, "ತಿಥೀದೂನಾ?" ಅಂದರು.

"ಅರ್ಧ" ಅನ್ನೋ ಮಾತು ನಾಲಿಗೆಗೆ ಬಂದಿತ್ತು. ಥೂ ಅನಿಸಿ ನುಂಗಿಕೊಂಡೆ. "ಹೂಂ ಅಜ್ಜಿ."

ಬೈಯಲಿಲ್ಲ. ಬಾಯಿ ಜೋರಿನ ಹೆಂಗಸು, ರಸ್ತೆಗೆ ಕೇಳೋ ಹಾಗೆ ಬೈತಾರೆ ಅಂತ ಸಿದ್ಧಳಾಗಿ ಹೋಗಿದ್ದೆ. ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, ಮೆತ್ತಗೆ ಮಾತಾಡಿದರು.

"ನಿಮ್ಮೆಜಮಾನರು ಮೋಸ ಮಾಡಿದ್ರು, ಹೋಗ್ಲಿ. ದೊಡ್ಡೋರು ಸುಳ್ಳು ಹೇಳ್ತಾರೆ ಅಂತ ನನಗೆ ಗೊತ್ತಿಲ್ವಾ? ಅದಕ್ಕೇ ತಿಥಿ ದಿನ ನಾನು ನಿನ್ನನ್ನ ಕೇಳೋಕೆ ಬರ್ಲಿಲ್ಲ. ನಿನ್ನ ಮಗಳನ್ನ ಕೇಳಿದೆ. ತುಳಸಿ ಮುಟ್ಟಿ ಹೇಳು ಪುಟ್ಟಿ, ಯಾವ ನೀರು ಅಂದೆ. ಮುಟ್ಟಿ ಹೇಳಿದ್ಲು. ಬಾವಿ ನೀರು ಅಜ್ಜಿ, ಅಂತ. ಮಗು ಮಾತು ಅಂತ ಒಲೆ ಹಚ್ಚಿದೆ."

"ಅವಳಿಗೆ ಗೊತ್ತಿರಲ್ಲ ಅಜ್ಜಿ, ಪಾಪ, ಅವಳಿಗೆ..." ಅಂತ ಶುರುಮಾಡಿದೆ. ದಿನಾ ಬೆಳಿಗ್ಗೆ ಸ್ಕೂಟರಿನ ಮುಂದೆ ನಿಂತು ಹೋಗುತ್ತಿದ್ದವಳು ಯಾರು ಅನ್ನೋದು ಆ ಮಾತಿನ ಮಧ್ಯದಲ್ಲೇ ಹೊಳೆಯಿತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಹೂವಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ, ನನ್ನನ್ನು ಒಳಗೆ ಕರೆಯಲೂ ಇಲ್ಲ.

ಮಗಳು ಮನೆಯಲ್ಲಿ ಚಿತ್ರ ಬಿಡಿಸುತ್ತಾ ಕೂತಿದ್ದಳು. ಪಕ್ಕ ಕೂತೆ. ಕೂಗಬಾರದು ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ.

"ಪುಟ್ಟಿ, ಅಪ್ಪನ ಜೊತೆ ಮಾರ್ಕೆಟ್ಟಿಗೆ ಹೋಗ್ತಿದ್ಯಾ?"

ಬಣ್ಣದ ಪೆನ್ಸಿಲ್ ನಿಂತಿತು. "ನಿನಗೆ ಗೊತ್ತಾಗ್ಬಿಡ್ತಾ?" ಅಂದಳು. ಹೆದರಿಕೆಗಿಂತ ಬೇಜಾರು ಜಾಸ್ತಿ ಇತ್ತು ಆ ದನಿಯಲ್ಲಿ. "ಹೇಳಿದ್ರೆ ಅಮ್ಮ ಮತ್ತೆ ಅಳೋಕೆ ಶುರು ಮಾಡ್ತಾಳೆ ಅಂತ ಅಪ್ಪ ಹೇಳಿದ್ರು. ನಾನು ಒಂದಿನಾನೂ ಹೇಳ್ಲಿಲ್ಲ ಗೊತ್ತಾ?"

"ಅಜ್ಜಿ ಮನೇಲಿ ತುಳಸಿ ಮುಟ್ಟಿ ಹೇಳ್ದೆಯಲ್ಲ ಮರೀ. ಭಯ ಆಗ್ಲಿಲ್ವಾ?"

ಯೋಚನೆ ಮಾಡಿದಳು. "ಆಯ್ತು. ಆದ್ರೆ ಹೇಳಿದ ತಕ್ಷಣ ಅಜ್ಜಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಆಮೇಲೆ ಭಯ ಹೋಗ್ಬಿಡ್ತು."

ಅವಳನ್ನು ಬೈಯಲಿಲ್ಲ. ಏನಂತ ಬೈಯಲಿ? ನನಗೆ ಮಾಡಿದ ಮೋಸವನ್ನು ಯಾವತ್ತಾದರೂ ಮರೆಯಬಹುದು. ನನ್ನ ಕಣ್ಣೀರು ತೋರಿಸಿ ಹೆದರಿಸಿ, ಏಳು ವರ್ಷದ ಮಗುವಿಗೆ ಬಾಯಿ ಪಾಠ ಮಾಡಿಸಿದರಲ್ಲ, ಅದನ್ನು ಹೇಗೆ ಮರೆಯಲಿ? ಅವರು ಆಮೇಲೆ ಅಜ್ಜಿಯ ಕಾಲಿಗೆ ಬಿದ್ದು ಬಂದರು. ಮಗಳನ್ನು ಕೂರಿಸಿಕೊಂಡು ಅಪ್ಪ ಮಾಡಿದ್ದು ತಪ್ಪು ಅಂತ ಹೇಳಿದರು, ಅತ್ತರು ಕೂಡ. ಜೂನ್‌ನಲ್ಲಿ ಸ್ಕೂಲು ಶುರುವಾಯಿತು, ಮಾವನ ಪ್ಲಾನ್ ಪಾಸಾಯಿತು, ಜಾಗಕ್ಕೆ ಜೆಸಿಬಿ ಬಂತು. ನಾವು ಒಂದೇ ಮನೆಯಲ್ಲಿದ್ದೇವೆ, ಒಂದೇ ಪಾತ್ರೆಯ ಸಾರು ಉಣ್ಣುತ್ತೇವೆ. ನಾನು ಮತ್ತೆ ನೀವು, ರೀ ಅಂತಲೇ ಕರೆಯುತ್ತೇನೆ.

ಆದರೆ ಈಗ ಮಗಳು ಹಲ್ಲುಜ್ಜಿದೆ ಅಂದರೂ, ಹಾಲು ಕುಡಿದೆ ಅಂದರೂ, ಸ್ಕೂಲಲ್ಲಿ ಏನೂ ಆಗ್ಲಿಲ್ಲಮ್ಮ ಅಂದರೂ, ನನ್ನ ಕೈ ತಾನಾಗಿ ಅವಳ ಗಲ್ಲ ಹಿಡಿದು ಎತ್ತುತ್ತದೆ. ಅವಳು ಕಣ್ಣು ತಪ್ಪಿಸುವುದಿಲ್ಲ. ನಾನು ಏನು ಹುಡುಕುತ್ತಿದ್ದೇನೆ ಅಂತ ಅವಳಿಗೆ ಗೊತ್ತು. ನಾನು ಕೈ ಬಿಡುವವರೆಗೂ ಸುಮ್ಮನೆ, ಸಣ್ಣಗೆ ನಗುತ್ತಾ ನಿಲ್ಲುತ್ತಾಳೆ. ನಿಜವೋ ಸುಳ್ಳೋ, ಹೆತ್ತ ತಾಯಿಗೆ ಗೊತ್ತಾಗುವುದಿಲ್ಲ.